ಟೆಂಡರ್ ಸಿಕ್ತು, ಬಿಲ್ ಯಾವಾಗ?

ಇವತ್ತಿನ ವಿಷಯ ಸರ್ಕಾರಿ ಟೆಂಡರ್. ಹೆಸರು ಕೇಳಿದ ತಕ್ಷಣ ಸ್ಕಿಪ್ ಮಾಡ್ಬೇಡಿ, ನಮ್ಮನೆ ಕಥೆಯಿಂದಾನೇ ಶುರು ಮಾಡ್ತೀನಿ.

ನಮ್ಮ ಚಿಕ್ಕಪ್ಪ ಸಣ್ಣ ಗುತ್ತಿಗೆದಾರ. ಚರಂಡಿ, ಸಿಸಿ ರಸ್ತೆ, ಶಾಲೆ ಕಾಂಪೌಂಡು, ಇಂಥವೇ ಕೆಲಸ. ಒಂದು ಸಲ ಚರಂಡಿ ಮುಗಿಸಿ ವರ್ಷ ಕಳೆದ್ರೂ ಬಿಲ್ ಆಗಿರಲಿಲ್ಲ. ಚಿಕ್ಕಮ್ಮನ ಸರ ಬ್ಯಾಂಕಲ್ಲಿ ಅಡವಿತ್ತು. ಕೇಳಿದಾಗೆಲ್ಲ ಒಂದೇ ಉತ್ತರ: 'ಗ್ರಾಂಟ್ ಬರಲಿ, ನೋಡೋಣ.'

ಈಗ 2025ರ ಮಾರ್ಚ್‌ಗೆ ಬನ್ನಿ. ನಮ್ಮಲ್ಲಿ ಸರ್ಕಾರಿ ಖರೀದಿ, ಕಾಮಗಾರಿ ಎಲ್ಲಕ್ಕೂ ಒಂದು ಕಾಯ್ದೆ ಇದೆ: 1999ರ ಕೆಟಿಪಿಪಿ, ಅಂದ್ರೆ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು 2ಎಗೆ ಸಣ್ಣ ಕಾಮಗಾರಿಗಳಲ್ಲಿ ಮೀಸಲಾತಿ ಮೊದಲೇ ಇತ್ತು. ಮಿತಿಯನ್ನು 1 ಕೋಟಿಯಿಂದ 2 ಕೋಟಿ ರೂಪಾಯಿಗೆ ಏರಿಸಿ, 2ಬಿಗೆ, ಅಂದ್ರೆ ಮುಸ್ಲಿಮರಿಗೆ, ಶೇ 4 ಸೇರಿಸೋ ಮಸೂದೆ ಬಂತು. ಇದು ಧರ್ಮಾಧಾರಿತ, ಸಂವಿಧಾನ ಒಪ್ಪಲ್ಲ ಅಂತು ಬಿಜೆಪಿ. ಹಿಂದುಳಿದಿರುವಿಕೆ ನೋಡಿ ಕೊಟ್ಟಿದ್ದು ಅಂತು ಸರ್ಕಾರ.

ಇಬ್ಬರ ವಾದವೂ ಸದನದಲ್ಲಿ ಪೂರ್ತಿ ಕೇಳಬೇಕಿತ್ತು. ಆದ್ರೆ ಮಾರ್ಚ್ 21ರಂದು ಹನಿಟ್ರ್ಯಾಪ್ ಗದ್ದಲ, ಹರಿದ ಕಾಗದದ ಚೂರುಗಳ ಮಧ್ಯೆ ಮಸೂದೆ ಪಾಸಾಯ್ತು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿಸೋ ಮಸೂದೆಯೂ ಅದೇ ಗದ್ದಲದಲ್ಲೇ ಪಾಸು. ಬಿಜೆಪಿಯ 18 ಶಾಸಕರು ಆರು ತಿಂಗಳಿಗೆ ಅಮಾನತು. ಮೇ ತಿಂಗಳಲ್ಲಿ ಅದನ್ನ ವಾಪಸ್ ಪಡೆದರು. ರಾಜ್ಯಪಾಲರು ಕೆಟಿಪಿಪಿ ಮಸೂದೆಗೆ ಸಹಿ ಹಾಕದೆ ರಾಷ್ಟ್ರಪತಿಗೆ ಕಾಯ್ದಿರಿಸಿದರು.

ಹತ್ತೇ ದಿನ ಕಳೆದು, ಏಪ್ರಿಲ್ 1ರಿಂದ, ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 21.17 ಆಯ್ತು. ಲೀಟರ್‌ಗೆ ಸುಮಾರು 2 ರೂಪಾಯಿ ಜಾಸ್ತಿ. 'ಟೆಂಡರಲ್ಲಿ ಹಾಕಿದ ರೇಟು ಹಾಕಿದ್ದೇ. ಜೆಸಿಬಿ ಬಾಡಿಗೆ ಏರಿದ್ರೆ ನಮ್ಮ ಕೈಯಿಂದಾನೇ' ಅಂತಾರೆ ಚಿಕ್ಕಪ್ಪ.

ಇನ್ನು ಬಜೆಟ್. ಆ ವರ್ಷದ್ದು 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗೆ ಸುಮಾರು 51 ಸಾವಿರ ಕೋಟಿ. ಗ್ಯಾರಂಟಿ ದಂಡ ಅಂತ ನಾನು ಹೇಳಲ್ಲ. ನಮ್ಮಮ್ಮ ಶಕ್ತಿ ಬಸ್ಸಲ್ಲೇ ಓಡಾಡೋದು. ಆದ್ರೆ ಸಂಬಳ, ಪಿಂಚಣಿ, ಬಡ್ಡಿ ನಿಲ್ಲಿಸೋಕೆ ಆಗಲ್ಲ. ದುಡ್ಡು ಬಿಗಿಯಾದಾಗ ಸದ್ದಿಲ್ಲದೆ ಮುಂದಕ್ಕೆ ಹಾಕೋಕೆ ಸುಲಭವಾಗಿ ಸಿಗೋದು ಕಾಮಗಾರಿ ಬಿಲ್ಲೇ. 'ಕಡಿತ' ಅಂತ ಯಾರೂ ಘೋಷಣೆ ಮಾಡಲ್ಲ, ಬಿಲ್ ಅಲ್ಲೇ ಕೂತಿರುತ್ತೆ, ಅಷ್ಟೆ.

ನನ್ನ ತಕರಾರು ಇಲ್ಲೇ. ಮೀಸಲಾತಿಯಿಂದ ಮೊದಲ ಸಲ ಟೆಂಡರ್ ಹಿಡಿದ ಹುಡುಗನಿಗೆ ಅಡವಿಡೋಕೆ ಸರವೂ ಇಲ್ಲ, ಜಮೀನೂ ಇಲ್ಲ ಅಂದ್ಕೊಳ್ಳಿ. ವರ್ಷಗಟ್ಟಲೆ ಬಿಲ್ ಬರದಿದ್ರೆ ಮೊದಲು ಬೀಳೋದು ಅವನೇ. ದೊಡ್ಡ ಕಂಪನಿ ತಡ್ಕೊಳ್ಳುತ್ತೆ. ಯಾರಿಗೆ ಟೆಂಡರ್ ಅಂತ ಇಷ್ಟು ಕೂಗಾಡಿದವರಲ್ಲಿ, ಯಾವಾಗ ಬಿಲ್ ಅಂತ ಕೇಳೋರು ಯಾರು?

ಒಂದು ಕೆಲಸ ಮಾಡಿ. ಕೆಪಿಪಿಪಿ ಪೋರ್ಟಲ್‌ನಲ್ಲಿ ಟೆಂಡರ್‌ಗಳು ಎಲ್ಲರಿಗೂ ಕಾಣುತ್ತೆ. ನಿಮ್ಮೂರಿನ ಒಂದು ಕಾಮಗಾರಿ ಹುಡುಕಿ. ಮುಗಿದಿದೆಯಾ, ಬಿಲ್ ಆಗಿದೆಯಾ ಅಂತ ನಿಮ್ಮ ಶಾಸಕರನ್ನೇ ಕೇಳಿ.

ಅಂದ ಹಾಗೆ, ಚಿಕ್ಕಮ್ಮನ ಸರ ಬಿಡಿಸ್ಕೊಂಡು ಬಂದಾಯ್ತು. ಮುಂದಿನ ಟೆಂಡರ್‌ಗೆ ಮತ್ತೆ ಅಡವಿಡ್ಬೇಕಾಗುತ್ತೇನೋ ಅಂತ ಅವರು ಅದನ್ನ ಇನ್ನೂ ಕತ್ತಿಗೆ ಹಾಕ್ಕೊಂಡಿಲ್ಲ. ಮುಂದಿನ ವಾರ ಸಿಗೋಣ.