ಮಕ್ಕಳಾಗದಿದ್ದರೆ ಮೊದಲ ತಪಾಸಣೆ ಯಾರಿಗೆ?

(ಮಾಸಿಕ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶರಣ ಸಂಗಮದಲ್ಲಿ ಇಂಥ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ನಾನು ವೈದ್ಯನೂ ಅಲ್ಲ, ನೀರಾವರಿ ಇಲಾಖೆಯಿಂದ ನಿವೃತ್ತನಾದ ಇಂಜಿನಿಯರ್. ಆದರೂ ಆರಿಸಿಕೊಂಡೆ. ಮಠಕ್ಕೆ ಬರುವ ಎಷ್ಟೋ ಹೆಣ್ಣುಮಕ್ಕಳು ಇದೊಂದನ್ನೇ ಬೇಡಿ ಕಣ್ಣೀರು ಹಾಕುತ್ತಾರೆ. ಜೊತೆಗೆ ಅತ್ತೆ ಬಂದಿರುತ್ತಾರೆ, ತಾಯಿ ಬಂದಿರುತ್ತಾರೆ, ಗಂಡ ಬಂದಿರುವುದಿಲ್ಲ.

ಕಾಲುವೆಯ ಕೊನೆಗೆ ನೀರು ಮುಟ್ಟಲಿಲ್ಲವೆಂದು ದೂರು ಬಂದರೆ ನಾವು ಕೊನೆಯ ಹೊಲದಲ್ಲಿ ನಿಂತು ಅದನ್ನೇ ಬೈಯುತ್ತಿರಲಿಲ್ಲ. ತೂಬಿನಿಂದ ಹಿಡಿದು ಉದ್ದಕ್ಕೂ ನಡೆದು ನೋಡುತ್ತಿದ್ದೆವು. (ಹೆಣ್ಣನ್ನು ಹೊಲಕ್ಕೆ ಹೋಲಿಸುವ ಹಳೆಯ ರೂಢಿ ನನಗೆ ಹಿಡಿಸದು. ನಾನು ಹೇಳುತ್ತಿರುವುದು ತಪಾಸಣೆಯ ಕ್ರಮವನ್ನಷ್ಟೇ.) ಮಕ್ಕಳಾಗದ ಮನೆಯಲ್ಲಿ ಮಾತ್ರ ಈ ಕ್ರಮ ತಲೆಕೆಳಗು.

ದಂಪತಿಗಳು 12 ತಿಂಗಳು ಯಾವ ತಡೆಯೂ ಇಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ವೈದ್ಯರು ಅದನ್ನು ಬಂಜೆತನ ಎನ್ನುತ್ತಾರೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಜಗತ್ತಿನಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಜೀವನದಲ್ಲಿ ಎಂದಾದರೂ ಈ ತೊಂದರೆ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಇನ್ನೊಂದು ಸಣ್ಣ ಲೆಕ್ಕ: ಅಂಡಾಣು ಬಿಡುಗಡೆಯಾದ ಮೇಲೆ ಬದುಕುವುದು ಒಂದು ದಿನ, ವೀರ್ಯಾಣು ಹೆಚ್ಚೆಂದರೆ ಐದು ದಿನ. ಅಂದರೆ ಗರ್ಭ ನಿಲ್ಲಲು ತಿಂಗಳಲ್ಲಿ ಸಿಗುವುದು ಸುಮಾರು ಆರೇ ದಿನ. ಗಂಡ ಬೆಂಗಳೂರಿನಲ್ಲಿ, ಹೆಂಡತಿ ಊರಿನಲ್ಲಿ ಎಂದಾದರೆ ಯಾವ ವೈದ್ಯರೂ ಏನು ಮಾಡಿಯಾರು?

ಮುಖ್ಯ ಮಾತಿಗೆ ಬರುತ್ತೇನೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಕಾರಣವೂ ಇರುತ್ತದೆ. ಕೆಲವು ಕಡೆ ಅದೊಂದೇ ಕಾರಣ. ವೀರ್ಯ ಪರೀಕ್ಷೆ ಈ ಎಲ್ಲ ಪರೀಕ್ಷೆಗಳಲ್ಲಿ ಸುಲಭವಾದದ್ದು, ನೋವಿಲ್ಲದ್ದು. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರಾಯಿತು. ಹೆಂಡತಿಗೋ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳ ತೆರೆದಿದೆಯೇ ಎಂದು ನೋಡಲು ಔಷಧ ಹಾಯಿಸಿ ತೆಗೆಯುವ ಎಕ್ಸ್‌ರೇ. ಸುಲಭವಾದದ್ದನ್ನು ಬಿಟ್ಟು ಕಷ್ಟದ್ದರಿಂದ ಶುರು ಮಾಡುವುದು ಯಾವ ಲೆಕ್ಕ?

ಗಂಡಸರು ಹಿಂಜರಿಯುವ ಕಾರಣ ನನಗೆ ಗೊತ್ತು. ವೀರ್ಯಾಣು ಕಡಿಮೆ ಎಂದರೆ ಗಂಡಸುತನವೇ ಇಲ್ಲ ಎಂದು ತಿಳಿಯುತ್ತಾರೆ. ಅವೆರಡೂ ಬೇರೆ ಬೇರೆ. ದಾಂಪತ್ಯದಲ್ಲಿ ಯಾವ ಕೊರತೆ ಇಲ್ಲದವನ ವೀರ್ಯದಲ್ಲೂ ವೀರ್ಯಾಣು ಇಲ್ಲದಿರಬಹುದು. ವೃಷಣ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ಅಲ್ಲಿನ ರಕ್ತನಾಳ ಉಬ್ಬಿದರೆ ಕೆಲಸ ಕೆಡುತ್ತದೆ. ತಂಬಾಕು, ಕುಡಿತ, ಜಿಮ್‌ಗಳಲ್ಲಿ ಹುಡುಗರು ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್, ಎಲ್ಲವೂ ಹಾನಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಬೇಕು. ಇಂದು ಗುಟ್ಕಾ ಬಿಟ್ಟರೆ ಅದರ ಫಲ ಮೂರು ತಿಂಗಳ ಮೇಲಿನ ಪರೀಕ್ಷೆಯಲ್ಲಿ ಕಾಣಬೇಕು, ನಾಳೆಯೇ ಅಲ್ಲ.

ನಮ್ಮ ಬೀಗರ ಪೈಕಿ ಒಂದು ಮನೆ, ಊರು ಹೇಳುವುದಿಲ್ಲ. ಸೊಸೆಗೆ ಆರು ವರ್ಷ ಗುಳಿಗೆ, ಚುಚ್ಚುಮದ್ದು, ಹರಕೆ, ಉಪವಾಸ. ಮಗನಿಗೆ ಎರಡನೇ ಹೆಣ್ಣು ನೋಡುವ ಮಾತೂ ಎದ್ದಿತು. ಕೊನೆಗೆ ಒಬ್ಬ ವೈದ್ಯೆ, ಗಂಡನ ರಿಪೋರ್ಟ್ ಇಲ್ಲದೆ ಮುಂದಿನ ಚೀಟಿ ಬರೆಯುವುದಿಲ್ಲ ಎಂದು ಹಟ ಹಿಡಿದರು. ಎರಡು ಸಲ ಪರೀಕ್ಷಿಸಿದರೂ ವೀರ್ಯಾಣು ಒಂದೂ ಇರಲಿಲ್ಲ. ತಯಾರಾಗುತ್ತಿದ್ದವು, ಹೊರಬರುವ ನಾಳ ಮುಚ್ಚಿತ್ತು. ಸೂಜಿಯಿಂದ ವೀರ್ಯಾಣು ತೆಗೆದು ಪ್ರನಾಳ ಶಿಶು ವಿಧಾನದಲ್ಲಿ ಒಮ್ಮೆ ಪ್ರಯತ್ನಿಸಿದ್ದಾರೆ, ಫಲಿಸಿಲ್ಲ. ಇನ್ನೊಮ್ಮೆಯೋ ದತ್ತು ಮಗುವೋ ಎಂದು ಇಬ್ಬರೂ ಕೂತು ಯೋಚಿಸುತ್ತಿದ್ದಾರೆ. ಎರಡನೇ ಮದುವೆಯ ಮಾತು ಮಾತ್ರ ರಿಪೋರ್ಟ್ ಬಂದ ದಿನವೇ ನಿಂತಿತು.

ನಿಲ್ಲದಿದ್ದರೂ ಅದು ಅಪರಾಧವೇ. ಧರ್ಮದ ಮಾನ್ಯತೆಯ ಚರ್ಚೆ ಏನೇ ಇರಲಿ, 1955ರ ವಿವಾಹ ಕಾಯ್ದೆ ತನ್ನ ವ್ಯಾಪ್ತಿಯಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ಹೇಳಿದೆ. ಹೆಂಡತಿ ಇರುವಾಗ ಇನ್ನೊಂದು ಮದುವೆ ಅದರಲ್ಲಿ ಅಸಿಂಧು. ಮಕ್ಕಳಾಗಲಿಲ್ಲ ಎಂಬುದು ವಿಚ್ಛೇದನಕ್ಕೂ ಕಾರಣವಲ್ಲ.

ಹೆಂಡತಿಯ ಕಡೆಯ ಕಾರಣಗಳೂ ಉಂಟು: ಪಿಸಿಓಡಿ, ಥೈರಾಯ್ಡ್, ವಯಸ್ಸು. ನಮ್ಮ ದೇಶದಲ್ಲಿ ಮರೆಯಬಾರದ್ದು ಕ್ಷಯ. ಅದು ಕೆಮ್ಮು ಇಲ್ಲದೆಯೂ ಗರ್ಭನಾಳಕ್ಕೆ ತಗಲಿ ಮುಚ್ಚಿಬಿಡಬಲ್ಲದು. ಸರಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ. ಪ್ರನಾಳ ಶಿಶು ಕೇಂದ್ರಕ್ಕೆ ಹೋಗುವವರು 2021ರ ಕಾಯ್ದೆಯಡಿ ಅದು ನೋಂದಣಿಯಾಗಿದೆಯೇ ಎಂದು ಕೇಳಿ. ಖಚಿತವಾಗಿ ಗಂಡುಮಗು ಕೊಡುತ್ತೇವೆ ಎನ್ನುವವರ ಮೆಟ್ಟಿಲು ಹತ್ತಬೇಡಿ. ಅದು ಕಾನೂನುಬಾಹಿರ.

ಕೊನೆಗೊಂದು ಮಾತು, ಬೇಸರದಿಂದ ಹೇಳುತ್ತೇನೆ. ಹುಟ್ಟು, ಸಾವು, ಮುಟ್ಟು ಯಾವುದಕ್ಕೂ ಸೂತಕವಿಲ್ಲವೆಂದು ಶರಣರು 12ನೆಯ ಶತಮಾನದಲ್ಲೇ ಹೇಳಿದರು. ಆದರೆ ಇಂದಿಗೂ ನಮ್ಮ ಮನೆಗಳಲ್ಲಿ ಕುಬಸದ ದಿನ ಮಕ್ಕಳಿಲ್ಲದ ಹೆಣ್ಣುಮಗಳು ಉಡಿ ತುಂಬಲು ಮುಂದೆ ಬಂದರೆ ಹಿರಿಯರ ಕಣ್ಣುಗಳು ಅವಳನ್ನು ಹಿಂದಕ್ಕೆ ನಿಲ್ಲಿಸುತ್ತವೆ. ಇಲ್ಲಿ ಕುಳಿತಿರುವ ತಾಯಂದಿರೇ, ನಿಮ್ಮ ಮನೆಯ ಮುಂದಿನ ಕುಬಸದಲ್ಲಿ ಮೊದಲ ಉಡಿಯನ್ನು ಅವಳ ಕೈಯಿಂದಲೇ ತುಂಬಿಸಿ.