ಮೇಳದ ಕುದುರೆ, ಪಾರ್ಕಿನ ಆನೆ

ನಡುಗಂಬವೊಂದರ ಸುತ್ತ ಮರದ ಕುದುರೆಗಳು ತಿರುಗುವ ಆಟ, ಎಂದರೆ ಮೆರ್ರಿ ಗೋ ರೌಂಡ್, ಮನರಂಜನಾ ಪಾರ್ಕುಗಳಿಗಿಂತ ಬಹಳ ಹಳೆಯದು. ಅದರ ಮೂಲ ಯೂರೋಪಿನ ಅರಸೊತ್ತಿಗೆಗಳ ಕುದುರೆ ಸವಾರಿಯ ಪ್ರದರ್ಶನಗಳಲ್ಲಿದೆ. ಫ್ರಾನ್ಸಿನ ದೊರೆ 14ನೆಯ ಲೂಯಿ 1662ರಲ್ಲಿ ಪ್ಯಾರಿಸ್ಸಿನಲ್ಲಿ ಏರ್ಪಡಿಸಿದ್ದ ಅಂಥ ಪ್ರದರ್ಶನದ ಹೆಸರು ಅಲ್ಲಿನ ಚೌಕಕ್ಕೆ ಇಂದಿಗೂ ಉಳಿದಿದೆ. ಓಡುವ ಕುದುರೆಯ ಮೇಲಿಂದ ಈಟಿಯ ಮೊನೆಗೆ ಉಂಗುರ ಸಿಕ್ಕಿಸುವುದನ್ನು ಸವಾರರಿಗೆ ಕಲಿಸಲು ಮಾಡಿದ ಮರದ ಕುದುರೆಗಳೇ ಮುಂದೆ ಸಂತೆ ಜಾತ್ರೆಗಳಿಗೆ ಇಳಿದು ಬಂದವು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಉಗಿಯಂತ್ರ ಜೋಡಿಸಲಾಯಿತು. ಕಿಂಗ್ಸ್ ಲಿನ್ ಪಟ್ಟಣದ ಫ್ರೆಡರಿಕ್ ಸ್ಯಾವೇಜ್ ಅವರ ಕಾರ್ಖಾನೆ ಕುದುರೆಗಳಿಗೆ ನೆಗೆತವನ್ನೂ ಕಲಿಸಿತು: ನೆತ್ತಿಯ ಮೇಲೆ ಅಡ್ಡಲಾಗಿ ತಿರುಗುವ ಡೊಂಕು ಸರಳಿಗೆ, ಎಂದರೆ ಕ್ರ್ಯಾಂಕಿಗೆ, ಪ್ರತಿ ಕುದುರೆಯ ಕಂಬಿಯನ್ನೂ ತೂಗುಹಾಕಿದ್ದರಿಂದ, ಸರಳಿನ ಡೊಂಕು ಮೇಲೆ ಬಂದಾಗ ಕುದುರೆ ಏರುತ್ತಿತ್ತು, ಕೆಳಗೆ ಹೋದಾಗ ಇಳಿಯುತ್ತಿತ್ತು. ಅಮೆರಿಕದ ಕೋನಿ ಐಲೆಂಡಿನಲ್ಲಿ 1876ರಲ್ಲೇ ತಿರುಗುವ ಮರದ ಕುದುರೆಗಳು ನೆಲೆನಿಂತಿದ್ದವು. ಅಲ್ಲಿನ ಹೆಸರಾಂತ ಪಾರ್ಕುಗಳು ತಲೆಯೆತ್ತಿದ್ದು ಆಮೇಲೆ.

ದೆಹಲಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ಪಾರ್ಕು ಹುಟ್ಟಿದ್ದು ಕುದುರೆಯಿಂದಲ್ಲ, ಆನೆಯಿಂದ. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಅಪ್ಪು ಎಂಬ ಆನೆಮರಿಯ ಹೆಸರಿನಲ್ಲಿ, ಪ್ರಗತಿ ಮೈದಾನದ ಮಗ್ಗುಲಲ್ಲಿ, 1984ರ ನವೆಂಬರ್ 19ರಂದು ಪ್ರಧಾನಿ ರಾಜೀವ್ ಗಾಂಧಿಯವರು ಉದ್ಘಾಟಿಸಿದ ಅಪ್ಪು ಘರ್ ಅನ್ನು ದೇಶದ ಮೊದಲ ಮನರಂಜನಾ ಪಾರ್ಕು ಎಂದು ಗುರುತಿಸಲಾಗುತ್ತದೆ. ಇಂದಿರಾ ಗಾಂಧಿಯವರ ಹತ್ಯೆಯಾಗಿ, ನಗರ ರಕ್ತಪಾತ ಕಂಡು ಇನ್ನೂ ಮೂರು ವಾರವೂ ಕಳೆದಿರದ ದಿನವದು, ಅವರದೇ ಹುಟ್ಟುಹಬ್ಬದ ದಿನ ಕೂಡ. ಮಕ್ಕಳ ಆಟದ ತಾಣವೊಂದರ ಬಾಗಿಲು ಇಷ್ಟು ವಿಚಿತ್ರ ಗಳಿಗೆಯಲ್ಲಿ ತೆರೆದದ್ದು ಅಪರೂಪವೇ ಸರಿ. ಕೊಲಂಬಸ್ ದೋಣಿಯ ತೂಗಾಟ ಒಂದು ತಲೆಮಾರಿನ ದೆಹಲಿಗರ ಬಾಲ್ಯದ ಭಾಗವಾಯಿತು. ಆದರೆ ನೆಲ ಪಾರ್ಕಿನ ಸ್ವಂತದ್ದಾಗಿರಲಿಲ್ಲ. ಪಕ್ಕದ ಸುಪ್ರೀಂ ಕೋರ್ಟಿನ ವಿಸ್ತರಣೆಗೆ ಜಾಗ ಬೇಕಾಗಿ 2008ರ ಫೆಬ್ರುವರಿಯಲ್ಲಿ ಅದು ಮುಚ್ಚಿತು. ಅಪ್ಪುವಿನ ಹೆಸರು ಮುಂದೆ ಗುರುಗ್ರಾಮದ ಜಲಕ್ರೀಡೆಯ ಪಾರ್ಕೊಂದಕ್ಕೆ ಹೋಯಿತು. ದೆಹಲಿಯ ರೋಹಿಣಿಯಲ್ಲೂ ನೆರೆಯ ನೋಯ್ಡಾದಲ್ಲೂ ಎದ್ದ ಹೊಸ ಪಾರ್ಕುಗಳು ಮಾಲುಗಳಿಗೆ ಅಂಟಿಕೊಂಡೇ ಬೆಳೆದವು.

ಕೆಂಪುಕೋಟೆಯ ಬಯಲಿನ ರಾಮಲೀಲಾ, ಹೋಳಿಯ ನಂತರ ನಡೆಯುವ ಮೀರತ್ತಿನ ನೌಚಂದಿ ಮುಂತಾದ ಮೇಳಗಳಲ್ಲಿ ಮಾತ್ರ ಕುದುರೆ ಹಳೆಯ ರೂಪದಲ್ಲೇ ಉಳಿದುಕೊಂಡಿದೆ. ಸಣ್ಣವಾದರೆ ಕಬ್ಬಿಣದ ನಡುಗಂಬ, ಅದಕ್ಕೆ ಸಿಕ್ಕಿಸಿದ ಪೈಪಿನ ತೋಳುಗಳು, ತುದಿಯಲ್ಲಿ ಬಣ್ಣ ಬಳಿದ ಕುದುರೆಗಳು, ಇಷ್ಟೆ. ಮೋಟಾರಿಲ್ಲದ ಕಡೆ ಝೂಲಾವಾಲಾ, ಎಂದರೆ ಆಟ ನಡೆಸುವವನು, ತಾನೇ ತೋಳು ಹಿಡಿದು ನಾಲ್ಕು ಹೆಜ್ಜೆ ಓಡಿ ವೇಗ ಕೊಟ್ಟು ಕೈಬಿಡುತ್ತಾನೆ. ಯಂತ್ರದ ದೃಷ್ಟಿಯಿಂದ ಇದು ಸ್ಯಾವೇಜರಿಗಿಂತಲೂ ಹಿಂದಿನದು. ಆದರೂ ಭೂಮಿಯ ಬೆಲೆ ಪಾರ್ಕುಗಳನ್ನು ಎಬ್ಬಿಸಿ ಕಳಿಸುವ ರಾಜಧಾನಿಯಲ್ಲಿ ಇದು ಬಾಳಿದ್ದಕ್ಕೆ ಕಾರಣ ಈ ಸರಳತೆಯೇ ಇರಬೇಕು: ರಾವಣದಹನ ಮುಗಿಯುತ್ತಲೇ ತೋಳು ಕಳಚಿ, ಕುದುರೆಗಳನ್ನು ಒಂದರ ಮೇಲೊಂದು ಪೇರಿಸಿದರೆ, ಇಡೀ ಆಟ ಒಂದೇ ಲಾರಿಯಲ್ಲಿ ಮುಂದಿನ ಮೇಳಕ್ಕೆ ಹೊರಡುತ್ತದೆ.