ಮಳೆ ಸದ್ದು, ನಿದ್ದೆ ಮತ್ತು ಕನಸಲ್ಲಿ ಎಚ್ಚರ

ಇದನ್ನ ಹಾಸಿಗೆ ಮೇಲೆ ಮಲಗಿ ಕೇಳ್ತಿದ್ದೀರಾ? ಹಾಗಾದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ.

ಬೆಂಗಳೂರಿನ ಪಿಜಿಯಲ್ಲಿ ನಂಗೆ ನಿದ್ದೆನೇ ಬರ್ತಿರಲಿಲ್ಲ. ಎಂಟು ಗಂಟೆಯ ಮಳೆ ಸದ್ದಿನ ವಿಡಿಯೋ ಹಾಕ್ಕೊಂಡು ಮಲಗ್ತಿದ್ದೆ. ನಮ್ಮೂರು ಶೃಂಗೇರಿ ಹತ್ತಿರದ ಅಡ್ಡಗದ್ದೆ. ಹಂಚಿನ ಮೇಲೆ ಮಳೆ, ಗದ್ದೆಯಲ್ಲಿ ಕಪ್ಪೆ. ಊರಲ್ಲಿ ಪುಕ್ಕಟೆ ಸಿಗ್ತಿದ್ದನ್ನ ಇಲ್ಲಿ ಡೇಟಾ ಖರ್ಚು ಮಾಡಿ ಕೇಳ್ತಿದ್ದೆ!

ಆದ್ರೆ ಅದು ಕೆಲಸ ಮಾಡ್ತು. ಯಾಕಂದ್ರೆ ನಮ್ಮನ್ನ ಎಬ್ಬಿಸೋದು ಹೆಚ್ಚಾಗಿ ದಿಢೀರ್ ಬರೋ ಸದ್ದು. ಒಂದೇ ಸಮ ಮಳೆ ಸುರೀತಿದ್ರೆ ಹಾರ್ನು, ನಾಯಿ ಬೊಗಳೋದು ಅದರೊಳಗೆ ಮುಚ್ಚಿಹೋಗುತ್ತೆ.

ಆಮೇಲೆ ಹತ್ತಿದ್ದು ಲೂಸಿಡ್ ಡ್ರೀಮ್ ಹುಚ್ಚು. ಅಂದ್ರೆ ಕನಸಲ್ಲಿದ್ದಾಗಲೇ ‘ಇದು ಕನಸು’ ಅಂತ ಗೊತ್ತಾಗೋದು. ಇದು ಬರೀ ಕಟ್ಟುಕತೆ ಅಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಲ್ಯಾಬಲ್ಲಿ ಮಲಗಿ ಕನಸು ಕಾಣ್ತಿದ್ದ ಒಬ್ಬರಿಗೆ ‘8ರಲ್ಲಿ 6 ಕಳೆದ್ರೆ ಎಷ್ಟು?’ ಅಂತ ಕೇಳಿದ್ರು. ನಿದ್ದೆಯಲ್ಲೇ ಎರಡು ಸಲ ಕಣ್ಣು ಎಡಬಲ ಹೊರಳಿಸಿ ಉತ್ತರ ಕೊಟ್ರು.

ನಾನೂ ಶುರು ಮಾಡಿದೆ. ರಾತ್ರಿಯಿಡೀ ‘ಲೂಸಿಡ್’ ಟ್ರ್ಯಾಕ್, ನಾಲ್ಕು ಗಂಟೆಗೆ ಅಲಾರಂ. ಎರಡು ವಾರ ಕಳೀತು. ಕನಸಲ್ಲಿ ಎಚ್ಚರ ಆಗಲಿಲ್ಲ, ಆಫೀಸಲ್ಲಿ ನಿದ್ದೆ ಬಂತು. ಜಿಎಸ್‌ಟಿ ರಿಟರ್ನಲ್ಲಿ ಒಂದು ಸೊನ್ನೆ ಬಿಟ್ಟು ಬೈಸ್ಕೊಂಡೆ. ಅವರು ನಿದ್ದೆಯಲ್ಲಿ ಮಾಡಿದ ಲೆಕ್ಕ ಸರಿ, ನಾನು ಎದ್ದು ಮಾಡಿದ್ದು ತಪ್ಪು!

ಎಡವಿದ್ದೆಲ್ಲಿ? ಲ್ಯಾಬಲ್ಲಿ ಸದ್ದು ಬರೀ ಒಂದು ನೆನಪೋಲೆ. ಎಚ್ಚರ ಇದ್ದಾಗಲೇ ‘ಈ ಸದ್ದು ಕೇಳಿದ್ರೆ, ಇದು ಕನಸಾ ಅಂತ ನೋಡ್ಕೋಬೇಕು’ ಅಂತ ಅಭ್ಯಾಸ ಮಾಡಿಸ್ತಾರೆ. ಆಮೇಲೆ ಕನಸು ಹೆಚ್ಚು ಬೀಳೋ ಆರ್‌ಇಎಂ ನಿದ್ದೆಯಲ್ಲಿ ಮಾತ್ರ ಮೆಲ್ಲಗೆ ಕೇಳಿಸ್ತಾರೆ. ಅಂದ್ರೆ ನಿದ್ದೆ ತರಿಸೋ ಸದ್ದನ್ನ ನಾವು ಮರೀಬೇಕು, ಕನಸಲ್ಲಿ ಎಚ್ಚರಿಸೋ ಸದ್ದು ನೆನಪಾಗ್ಬೇಕು. ರಾತ್ರಿಯಿಡೀ ಓಡೋ ಒಂದೇ ಟ್ರ್ಯಾಕಿಂದ ಎರಡೂ ಆಗೋದು ಕಷ್ಟ.

ಮಳೆಗಾಲದಲ್ಲಿ ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. “ಎಂತ ಮಾರಾಯ, ನಿದ್ದೆಗೂ ಕಾವಲು ಕೂತ್ಕಂತೀಯಾ?” ಅಂದ್ರು. ಅವತ್ತು ಫೋನ್ ದೂರ ಇಟ್ಟು ಮಲಗಿದೆ. ಬೆಳಗ್ಗೆ ಕಾಫಿಗೆ ಅವರೇ ಎಬ್ಬಿಸಬೇಕಾಯ್ತು.

ಹಾಗಾಗಿ ಇಷ್ಟೇ: ಮಳೆ ಸದ್ದು ಬೇಕಾದ್ರೆ ಹಾಕಿ, ಸಣ್ಣಗೆ, ಅರ್ಧ ಗಂಟೆ ಟೈಮರ್ ಇಟ್ಟು. ಲೂಸಿಡ್ ಡ್ರೀಮ್ ಆಸೆ ಇದ್ರೆ ಎದ್ದ ತಕ್ಷಣ ಕನಸು ಬರೆದಿಡಿ, ಹಗಲಲ್ಲಿ ಆಗಾಗ ‘ಇದು ಕನಸಾ?’ ಅಂತ ಕೇಳ್ಕೊಳ್ಳಿ. ಅಲಾರಂ ಪ್ರಯೋಗ ರಜಾ ದಿನಕ್ಕಿರಲಿ. ಮೊದಲೇ ನಿದ್ದೆ ಕಮ್ಮಿ ಇದ್ರೆ ಅದೂ ಬೇಡ. ಮೊದಲು ನಿದ್ದೆ, ಆಮೇಲೆ ಕನಸು.

ಸರಿ, ಫೋನ್ ಕೆಳಗಿಡಿ. ಶುಭರಾತ್ರಿ.